ಹಸಿದವನಿಗೆ ಮಾತ್ರ ಯಾಕೆ ಪ್ರಶ್ನೆ?

"ಅನ್ನಭಾಗ್ಯ ಬಂದ ಮೇಲೆ ಜನ ಸೋಮಾರಿಗಳಾಗಿಬಿಟ್ಟರು." ಈ ಮಾತನ್ನು ನಾನು ಊರಿನಲ್ಲಿ ಕೇಳಿದ್ದಕ್ಕಿಂತ ಲಂಡನ್ನಿನಲ್ಲಿ ಕೇಳಿದ್ದೇ ಜಾಸ್ತಿ. ಯುಗಾದಿ ಊಟಕ್ಕೆ ಸೇರಿದಾಗ, ಯಾರದೋ ಮನೆಯ ಸತ್ಯನಾರಾಯಣ ಪೂಜೆಗೆ ಹೋದಾಗ, ಹೋಳಿಗೆ ಕೋಸಂಬರಿ ಎಲ್ಲ ಮುಗಿದು ಕಾಫಿ ಲೋಟ ಕೈಗೆ ಬಂದ ಮೇಲೆ ಇದು ಬಂದೇ ಬರುತ್ತದೆ. ಕೂಲಿಗೆ ಆಳು ಸಿಗಲ್ಲವಂತೆ. ಅಕ್ಕಿ ಮಾರಿ ಕುಡಿಯುತ್ತಾರಂತೆ. ತೆರಿಗೆ ದುಡ್ಡೆಲ್ಲ ಹೀಗೇ ಹೋಗುತ್ತದಂತೆ. ಹೇಳುವವರು ಭಾರತದಲ್ಲಿ ಆದಾಯ ತೆರಿಗೆ ಕಟ್ಟಿ ಎಷ್ಟೋ ವರ್ಷ ಆಗಿರುತ್ತದೆ, ಅದು ಬೇರೆ ವಿಷಯ.

ತಮಾಷೆ ಏನೆಂದರೆ, ಅದೇ ಮನೆಯಲ್ಲಿ ಓಡಾಡಿಕೊಂಡಿರುವ ಮಕ್ಕಳು ಶಾಲೆಯಲ್ಲಿ ಮಧ್ಯಾಹ್ನ ಉಣ್ಣುವುದು ಬಿಟ್ಟಿ ಊಟ. ಇಂಗ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ ಮೊದಲ ಮೂರು ತರಗತಿಯ ಎಲ್ಲ ಮಕ್ಕಳಿಗೂ 2014ರ ಸೆಪ್ಟೆಂಬರ್‌ನಿಂದ ಊಟ ಉಚಿತ. ಲಂಡನ್ನಿನಲ್ಲಿ 2023ರಿಂದ ಪ್ರೈಮರಿ ಶಾಲೆ ಪೂರ್ತಿ ಉಚಿತ. ಅಪ್ಪ ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿರಲಿ, ಅಮ್ಮ ಡಾಕ್ಟರ್ ಆಗಿರಲಿ, ಯಾರೂ ಸಂಬಳದ ಚೀಟಿ ಕೇಳುವುದಿಲ್ಲ. ನಮ್ಮವರೂ ಬೇಡ ಎನ್ನುವುದಿಲ್ಲ. ಯಾಕೆ ಅನ್ನಬೇಕು? ಒಳ್ಳೆಯ ಯೋಜನೆ. ಆದರೆ ಈ ಊಟ ತಿಂದು ನಮ್ಮ ಮಗ ಸೋಮಾರಿಯಾದ ಎಂದು ಹೇಳಿದ ಒಬ್ಬ ಅಪ್ಪನನ್ನೂ ನಾನು ನೋಡಿಲ್ಲ.

ಅಕ್ಕಿಯಿಂದ ಬಡವರ ಮಕ್ಕಳು ಮಾತ್ರ ಕೆಡುತ್ತಾರೆ ಎನ್ನುವ ಈ ನಂಬಿಕೆ ನಮ್ಮದು ಮಾತ್ರ ಅಲ್ಲ. ಬ್ರಿಟಿಷರದ್ದೂ ಹೌದು. ಅವರು ಅದನ್ನು ಕಾನೂನಾಗಿಯೇ ಮಾಡಿದ್ದರು. 1834ರ ಬಡವರ ಕಾಯ್ದೆಯ ಪ್ರಕಾರ, ಸಹಾಯ ಬೇಡಿ ಬಂದವನ ಸ್ಥಿತಿ ಹೊರಗೆ ಕೂಲಿ ಮಾಡುವ ಅತಿ ಬಡವನ ಸ್ಥಿತಿಗಿಂತಲೂ ಕೆಳಗಿರಬೇಕು. ಇಲ್ಲದಿದ್ದರೆ ಎಲ್ಲರೂ ಬಂದು ಕೂತುಬಿಡುತ್ತಾರೆ ಎಂಬ ಭಯ. ಅದಕ್ಕೇ ಬಡವರನ್ನು ಇಟ್ಟು ದುಡಿಸುವ ವರ್ಕ್‌ಹೌಸ್‌ಗಳು. ಒಳಗೆ ಹೋದರೆ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ. ಹಸಿವು ನಿಜವೋ ಸುಳ್ಳೋ ಅನ್ನುವುದಕ್ಕೆ ಅದೇ ಪರೀಕ್ಷೆ. ಇಷ್ಟು ಕಷ್ಟಕ್ಕೂ ಒಪ್ಪಿ ಬಂದನೆಂದರೆ ನಿಜವಾಗಿ ಹಸಿದಿದ್ದಾನೆ, ಒಳಗೆ ಬಿಡಿ.

ಈ ಪರೀಕ್ಷೆ ಹಡಗು ಹತ್ತಿ ನಮ್ಮ ಕಡೆಗೂ ಬಂತು. ಹಳೇ ಮೈಸೂರಿನ ಹಿರಿಯರ ಬಾಯಲ್ಲಿ ಧಾತು ಈಶ್ವರ ಬರ ಎಂದು ಉಳಿದಿರುವ 1876-78ರ ಬರಗಾಲದಲ್ಲಿ ಇದರ ಪೂರ್ತಿ ರುಚಿ ಸಿಕ್ಕಿತು. ಆಗ ಮೈಸೂರು ಬ್ರಿಟಿಷ್ ಕಮಿಷನರ್ ಕೈಯಲ್ಲಿತ್ತು. ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಖರ್ಚು ಜಾಸ್ತಿ ಆಗುತ್ತಿದೆ ಎಂದು ಸರ್ಕಾರ 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಅವರನ್ನು ಕಳುಹಿಸಿತು. ಮದ್ರಾಸಿನ ಬರ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಜೊತೆಗೆ ಒಂದಿಷ್ಟು ಚಿಲ್ಲರೆ ಕಾಸು ಸಾಕು ಎಂದು ಅವರು ಇಳಿಸಿದರು. ಒಂದು ಪೌಂಡ್ ಅಂದರೆ ಅರ್ಧ ಕೆಜಿಯೂ ಇಲ್ಲ. ಅಷ್ಟು ತಿಂದು ಇಡೀ ದಿನ ಕಲ್ಲು ಮಣ್ಣು ಹೊರಬೇಕು. ಮದ್ರಾಸಿನ ಆರೋಗ್ಯ ಅಧಿಕಾರಿ ಡಾ. ಕಾರ್ನಿಶ್ ಇದು ಸಾಲದು ಎಂದು ಜಗಳವಾಡಿದರು. ಕೆಲವು ತಿಂಗಳ ನಂತರ ಕೂಲಿ ಏರಿಸಿದರು. ಆ ಹೊತ್ತಿಗೆ ಸಾಯುವವರು ಸತ್ತಿದ್ದರು. ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನ, 1881ರಲ್ಲಿ ಎಣಿಸಿದಾಗ 42 ಲಕ್ಷಕ್ಕೂ ಕಡಿಮೆ ಇದ್ದರು.

ನನ್ನ ಸಿಟ್ಟಿಗೆ ಕಾರಣ ಇದೇ. ನಮ್ಮ ಮುತ್ತಜ್ಜಂದಿರನ್ನು ಸಾಯಿಸಿದ ಲೆಕ್ಕಾಚಾರವನ್ನೇ ನಾವು ಲಂಡನ್ನಿನಲ್ಲಿ ಕೂತು, ಹೋಳಿಗೆ ತಿಂದು, ನಮ್ಮದೇ ಸ್ವಂತ ಬುದ್ಧಿ ಎಂಬಂತೆ ಹೇಳುತ್ತಿದ್ದೇವೆ.

ಈಗಿನ ಇಂಗ್ಲೆಂಡಿಗೆ ಬರೋಣ. ಇಲ್ಲಿ ಹಸಿವು ಇದೆಯಾ ಎಂದು ಊರಿನವರು ಆಶ್ಚರ್ಯದಿಂದ ಕೇಳುತ್ತಾರೆ. ಇದೆ. ಬೀದಿಯಲ್ಲಿ ಅಷ್ಟಾಗಿ ಕಾಣುವುದಿಲ್ಲ, ಮನೆಯೊಳಗೆ ಇದೆ. ಸಾಲ್ಸ್‌ಬರಿ ಎಂಬ ಊರಿನಲ್ಲಿ ಪ್ಯಾಡಿ ಮತ್ತು ಕ್ಯಾರಲ್ ಹೆಂಡರ್ಸನ್ ದಂಪತಿ ಬಲ್ಗೇರಿಯಾದ ಬಡ ಮಕ್ಕಳಿಗಾಗಿ ಹಣ ಸೇರಿಸುತ್ತಿದ್ದರು. ಒಂದು ದಿನ ಅದೇ ಊರಿನ ತಾಯಿಯೊಬ್ಬಳು ಫೋನ್ ಮಾಡಿ, ನನ್ನ ಮಕ್ಕಳು ಇವತ್ತು ರಾತ್ರಿ ಹಸಿದು ಮಲಗುತ್ತಾರೆ, ಅದಕ್ಕೇನು ಮಾಡುತ್ತೀರಿ ಎಂದು ಕೇಳಿದಳು. 2000ನೇ ಇಸವಿಯಲ್ಲಿ ಅವರು ಮನೆಯ ಶೆಡ್‌ನಲ್ಲಿ, ಕಷ್ಟದಲ್ಲಿರುವವರಿಗೆ ಬಿಟ್ಟಿ ದಿನಸಿ ಕೊಡುವ ಫುಡ್ ಬ್ಯಾಂಕ್ ಶುರು ಮಾಡಿದರು. ಅದೇ ಅವರ ಸಂಸ್ಥೆ ಟ್ರಸೆಲ್ ಟ್ರಸ್ಟ್‌ನ ಮೊದಲ ಫುಡ್ ಬ್ಯಾಂಕ್. 2023-24ರ ಒಂದೇ ವರ್ಷದಲ್ಲಿ ಅದರ ಜಾಲದಿಂದ ಹೊರಟ ಆಹಾರದ ಪೊಟ್ಟಣ 31 ಲಕ್ಷಕ್ಕೂ ಹೆಚ್ಚು. ಇದರ ಲೆಕ್ಕಕ್ಕೆ ಬಾರದ ಚರ್ಚು, ಮಸೀದಿ, ಸ್ಥಳೀಯ ಸಂಘಗಳ ಫುಡ್ ಬ್ಯಾಂಕ್‌ಗಳು ಬೇರೆ.

ನಮ್ಮ ಬಡಾವಣೆಯ ಫುಡ್ ಬ್ಯಾಂಕಿಗೂ ಆಗಾಗ ಹೋಗುತ್ತೇನೆ. ನನಗೆ ಕೊಡುವ ಕೆಲಸ ಡಬ್ಬಿಗಳ ದಿನಾಂಕ ನೋಡಿ ಬೇರೆ ಬೇರೆ ಇಡುವುದು. ಬೀನ್ಸ್, ಸೂಪು, ಪಾಸ್ತಾ, ಟ್ಯೂನಾ ಮೀನು, ಚಹಾ ಪುಡಿ, ಕೆಡದ ಹಾಲಿನ ಪ್ಯಾಕೆಟ್. ಕೆಲಸ ಮಾಡುವವರಲ್ಲಿ ನಿವೃತ್ತ ಟೀಚರ್‌ಗಳೇ ಜಾಸ್ತಿ. ಒಳ್ಳೆಯ ಜನ. ಯಾರ ಮುಖವನ್ನೂ ನೋಯಿಸದೆ ಮಾತಾಡುತ್ತಾರೆ, ಕೂರಿಸಿ ಚಹಾ ಕೊಡುತ್ತಾರೆ. ಇವರ ಬಗ್ಗೆ ನನಗೆ ಒಂದು ಕೆಟ್ಟ ಮಾತೂ ಇಲ್ಲ.

ಆದರೆ ಬಾಗಿಲಲ್ಲಿ ಚೀಟಿ ಬೇಕು. ಹಸಿವಾಗಿದೆ ಎಂದು ಸುಮ್ನೆ ನಡೆದು ಬಂದರೆ ಸಾಮಾನ್ಯವಾಗಿ ಪೊಟ್ಟಣ ಸಿಗುವುದಿಲ್ಲ. ಡಾಕ್ಟರೋ, ಶಾಲೆಯವರೋ, ಸೋಶಿಯಲ್ ವರ್ಕರೋ, ಸಲಹಾ ಕೇಂದ್ರದವರೋ ವೋಚರ್ ಕೊಡಬೇಕು. ಅದಕ್ಕೆ ಅವರ ಮುಂದೆ ಕೂತು ಕಥೆ ಹೇಳಬೇಕು. ಸಂಬಳ ಎಷ್ಟು, ಬಾಡಿಗೆ ಎಷ್ಟು, ಸಾಲ ಯಾಕಾಯಿತು, ಗಂಡ ಎಲ್ಲಿ. ಆಮೇಲೆ ಕನಿಷ್ಠ ಮೂರು ದಿನಕ್ಕೆ ಆಗುವಷ್ಟು ಸಾಮಾನು. ಇದಕ್ಕೊಂದು ಕಾರಣವೂ ಇದೆ, ಅದನ್ನು ಮರೆಯಬಾರದು. ಚೀಟಿ ಕೊಡುವವರು ಬರೀ ಡಬ್ಬಿ ಕೊಡಿಸಿ ಬಿಡುವುದಿಲ್ಲ, ಸಾಲದ ವಿಷಯಕ್ಕೋ ಭತ್ಯೆಯ ವಿಷಯಕ್ಕೋ ದಾರಿ ತೋರಿಸುತ್ತಾರೆ. ಆದರೂ ಹಸಿದವನು ತನ್ನ ಹಸಿವಿಗೆ ಸಾಕ್ಷಿ ಒದಗಿಸಬೇಕು ಎಂಬುದು ಹಾಗೇ ಉಳಿಯಿತಲ್ಲ?

ಇನ್ನು ಕೊಡುವವನ ಕಡೆ ನೋಡಿ. ಇಲ್ಲಿ ಗಿಫ್ಟ್ ಏಡ್ ಅಂತ ಒಂದು ವ್ಯವಸ್ಥೆ. ತೆರಿಗೆ ಕಟ್ಟುವ ನಾನು ಒಂದು ಸಂಸ್ಥೆಗೆ ಒಂದು ಪೌಂಡ್ ಕೊಟ್ಟರೆ, ಸರ್ಕಾರ ಅದಕ್ಕೆ 25 ಪೆನ್ನಿ ಸೇರಿಸುತ್ತದೆ. ನನ್ನ ಸಂಬಳ ಜಾಸ್ತಿ ಇದ್ದು ಮೇಲಿನ ದರದ ತೆರಿಗೆ ಕಟ್ಟುತ್ತಿದ್ದರೆ ಇನ್ನಷ್ಟು ನನ್ನ ಜೇಬಿಗೇ ವಾಪಸ್ ಬರುತ್ತದೆ. ಇದಕ್ಕೆ ನಾನು ಮಾಡಬೇಕಾದದ್ದು ಏನು? ಒಂದು ಚೌಕದಲ್ಲಿ ಟಿಕ್. ಈ ದುಡ್ಡು ಎಲ್ಲಿಂದ ಬಂತು, ನಿನ್ನ ಕೆಳಗೆ ಕೆಲಸ ಮಾಡುವವರಿಗೆ ಎಷ್ಟು ಸಂಬಳ ಕೊಡುತ್ತೀಯ ಎಂದು ಯಾರೂ ಕೇಳುವುದಿಲ್ಲ. ಸರ್ಕಾರದ ಸಹಾಯ ಇಬ್ಬರಿಗೂ ಸಿಗುತ್ತದೆ. ಒಬ್ಬನಿಗೆ ಟಿಕ್ ಸಾಕು. ಇನ್ನೊಬ್ಬ ಯೂನಿವರ್ಸಲ್ ಕ್ರೆಡಿಟ್ ಎಂಬ ಭತ್ಯೆಗೆ ಅರ್ಜಿ ಹಾಕಿ, ಮೊದಲ ಹಣಕ್ಕೆ ಐದು ವಾರ ಕಾಯಬೇಕು. ಕಾಯಲು ಆಗದವರಿಗೆ ಮುಂಗಡ ಕೊಡುತ್ತಾರೆ. ಅದು ಸಾಲ. ಮುಂದಿನ ಹಣದಲ್ಲಿ ಮುರಿದುಕೊಳ್ಳುತ್ತಾರೆ. ಆ ಐದು ವಾರದಲ್ಲಿ ಎಷ್ಟೋ ಜನ ಫುಡ್ ಬ್ಯಾಂಕಿನ ದಾರಿ ಹಿಡಿಯುತ್ತಾರೆ.

ಸೂಪರ್ ಮಾರ್ಕೆಟ್ ಬಾಗಿಲಲ್ಲಿ ಒಂದು ಬುಟ್ಟಿ ಇಟ್ಟಿರುತ್ತಾರೆ. ಬಿಲ್ ಮಾಡಿಸಿದ ಮೇಲೆ ಒಂದೆರಡು ಡಬ್ಬಿ ಅದಕ್ಕೆ ಹಾಕಿ ಹೋಗಬಹುದು. ನಾನೂ ಹಾಕುತ್ತೇನೆ. ಆದರೆ ಡಬ್ಬಿಯ ಲಾಭ ಅಂಗಡಿಗೆ, ಪುಣ್ಯ ನನಗೆ. ಗಲ್ಲಾಪೆಟ್ಟಿಗೆಯ ಹಿಂದೆ ಕೂತವರಿಗೆ ಸಂಬಳ ಸಾಲುತ್ತದೆಯೇ ಎಂಬ ಪ್ರಶ್ನೆ ಆ ಬುಟ್ಟಿಗೆ ಬೀಳುವುದಿಲ್ಲ. ಫುಡ್ ಬ್ಯಾಂಕಿಗೆ ಬರುವವರಲ್ಲಿ ಕೆಲಸ ಇರುವವರೂ ಇದ್ದಾರೆ, ಇದು ಗುಟ್ಟೇನಲ್ಲ. ಹೊಸದೂ ಅಲ್ಲ. ಚಾಕೊಲೇಟ್ ಕಾರ್ಖಾನೆ ಮನೆತನದ ಸೀಬೋಮ್ ರೌಂಟ್ರಿ ನೂರ ಇಪ್ಪತ್ತು ವರ್ಷಗಳ ಹಿಂದೆ ಯಾರ್ಕ್ ಊರಿನ ಕೂಲಿಕಾರರ ಮನೆ ಮನೆಯ ಲೆಕ್ಕ ತೆಗೆಸಿದರು. 1901ರಲ್ಲಿ ಅದು ಪ್ರಕಟವಾದಾಗ ಊರಿನ ಶೇ. 28ರಷ್ಟು ಜನ ಬಡತನದಲ್ಲಿದ್ದರು. ಮೈ ಕೈ ಉಳಿಸಿಕೊಳ್ಳಲು ಬೇಕಾದಷ್ಟೂ ಸಿಗದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಕಷ್ಟಕ್ಕೆ ಕಾರಣ ಕುಡಿತವಲ್ಲ, ಸೋಮಾರಿತನವಲ್ಲ. ಮನೆ ಯಜಮಾನ ದಿನಾ ಕೆಲಸಕ್ಕೆ ಹೋಗುತ್ತಿದ್ದ, ಕೂಲಿ ಸಾಲುತ್ತಿರಲಿಲ್ಲ. ಇದನ್ನು ಹೇಳಿದ್ದು ಒಬ್ಬ ಕಾರ್ಖಾನೆ ಮಾಲೀಕರ ಮಗ ಎನ್ನುವುದು ನನಗೆ ಇಷ್ಟ. ಶ್ರೀಮಂತನೊಬ್ಬ ತನ್ನ ಕಡೆಗೇ ಪ್ರಶ್ನೆ ತಿರುಗಿಸಿಕೊಂಡದ್ದು.

ಹಾಗಾದರೆ ನಮ್ಮದು ಚೆನ್ನಾಗಿದೆಯಾ? ಒಂದು ವಿಷಯದಲ್ಲಿ ತುಂಬಾ ಚೆನ್ನಾಗಿದೆ. ನಾನು ತುಮಕೂರು ಕಡೆಯವನು. ಸಿದ್ಧಗಂಗೆಯ ದಾಸೋಹದಲ್ಲಿ ಉಣ್ಣದೆ ಬೆಳೆದವರು ನಮ್ಮಲ್ಲಿ ಕಡಿಮೆ. ಹತ್ತು ಸಾವಿರದಷ್ಟು ಹುಡುಗರು ಅಲ್ಲೇ ಉಂಡು ಅಲ್ಲೇ ಓದುತ್ತಾರೆ. ಅದರ ಮೇಲೆ ಬಂದ ಭಕ್ತರೂ ಸಾಲಿನಲ್ಲಿ ಕೂರುತ್ತಾರೆ. ಧರ್ಮಸ್ಥಳ, ಹೊರನಾಡು, ಶೃಂಗೇರಿ, ಎಲ್ಲಿಗೆ ಹೋದರೂ ಊಟದ ಹೊತ್ತಿಗೆ ಊಟ ಇದೆ. ಬಡವನಾ, ಕಾರಿನಲ್ಲಿ ಬಂದವನಾ, ಕೇಳುವವರಿಲ್ಲ. ಇಲ್ಲಿ ಲಂಡನ್ನಿನ ಸೌತಾಲ್ ಗುರುದ್ವಾರದ ಲಂಗರ್‌ಗೆ ಮೊದಲ ಸಲ ಹೋದ ಇಂಗ್ಲಿಷರು ದುಡ್ಡು ಎಲ್ಲಿ ಕಟ್ಟಬೇಕು ಎಂದು ಹುಡುಕುತ್ತಾರೆ. ನಮಗೆ ಆ ಗೊಂದಲವೇ ಬರುವುದಿಲ್ಲ. ನೆಲದ ಮೇಲೆ ಕೂತು ತಟ್ಟೆ ಮುಂದಿಟ್ಟುಕೊಳ್ಳುತ್ತೇವೆ. ಎಲ್ಲರ ಜೊತೆ ಕೂತು ಉಂಡರೆ ಯಾರಿಗೂ ಅವಮಾನವಿಲ್ಲ. ಇಂಗ್ಲೆಂಡಿನ ಯಾವ ಒಳ್ಳೆಯ ಟೀಚರಮ್ಮನೂ ತನ್ನ ಚಹಾದಿಂದ ಇದನ್ನು ತರಲಾರಳು. ಚೀಟಿ ಇರುವವರೆಗೂ ಆಗುವುದಿಲ್ಲ.

ಆದರೆ ನಮ್ಮಲ್ಲೂ ಪ್ರಶ್ನೆ ಇದೆ. ಹಸಿವೆಯ ಪ್ರಶ್ನೆಯಲ್ಲ, ಜಾತಿಯ ಪ್ರಶ್ನೆ. ಪಂಕ್ತಿಭೇದ ಎಂದರೆ ಏನೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಇನ್ನೊಂದು, ನಮ್ಮ ಅನ್ನದಾನ ಪುಣ್ಯ ಸಿಗುವ ಕಡೆ ಹೋಗುತ್ತದೆ, ಹಸಿವು ಇರುವ ಕಡೆಗೇ ಹೋಗುತ್ತದೆ ಎನ್ನುವಂತಿಲ್ಲ. ವಿದೇಶದಲ್ಲಿರುವ ನಮ್ಮವರು ಮಗನ ಹುಟ್ಟುಹಬ್ಬಕ್ಕೆ ದೇವಸ್ಥಾನದಲ್ಲಿ ಒಂದು ದಿನದ ಅನ್ನಸಂತರ್ಪಣೆಗೆ ದುಡ್ಡು ಕಳಿಸುತ್ತಾರೆ, ಬೋರ್ಡಿನಲ್ಲಿ ಹೆಸರು ಬರೆಸುತ್ತಾರೆ. ತಪ್ಪೇನಿಲ್ಲ. ಆದರೆ ಅಲ್ಲಿ ಉಂಡವರಲ್ಲಿ ಎಷ್ಟು ಜನ ಹಸಿದಿದ್ದರು? ಬಸ್ ಚಾರ್ಜಿಗೆ ದುಡ್ಡಿದ್ದು ದೇವಸ್ಥಾನಕ್ಕೆ ಬಂದವರೇ ಬಹುಪಾಲು. ಹಾಸಿಗೆ ಹಿಡಿದ ಮುದುಕಿ, ಗುಡಿಯೊಳಗೆ ಹಿಂದೆ ಸೇರಿಸಿಕೊಳ್ಳದ ಕೇರಿಯ ಮಗು, ವಲಸೆ ಹೋದವರ ಟೆಂಟು, ಅಲ್ಲಿಗೆ ಸಂತರ್ಪಣೆ ನಡೆದು ಹೋಗುವುದಿಲ್ಲ. ಅಲ್ಲಿಗೆ ಹೋದದ್ದು ರೇಷನ್ ಅಕ್ಕಿ, ಶಾಲೆಯ ಬಿಸಿಯೂಟ, ಅಂಗನವಾಡಿ. ಬಿಸಿಯೂಟಕ್ಕೆ ಕರ್ನಾಟಕ ಸರ್ಕಾರ ಅಕ್ಷರ ದಾಸೋಹ ಎಂದು ಹೆಸರಿಟ್ಟದ್ದು ಸರಿಯಾಗಿಯೇ ಇದೆ. ಆದರೆ ಅದು ಯಾರ ಪುಣ್ಯದಿಂದಲೂ ಬಂದದ್ದಲ್ಲ. 2001ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಬೇಯಿಸಿದ ಊಟವನ್ನೇ ಕೊಡಿ ಎಂದು ಎಲ್ಲ ರಾಜ್ಯಗಳಿಗೂ ಆದೇಶ ಕೊಟ್ಟಿತ್ತು. ಮುಂದೆ 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಅದು ಮಗುವಿನ ಹಕ್ಕೇ ಆಯಿತು.

ಕೊಡುವವನ ಕೈ ಮೇಲಾದರೆ ಆಗುವ ಇನ್ನೊಂದು ತೊಂದರೆ, ತಟ್ಟೆಯಲ್ಲಿ ಏನಿರಬೇಕೆಂದು ಅವನೇ ಹೇಳಲು ಶುರು ಮಾಡುತ್ತಾನೆ. 2021ರಲ್ಲಿ ಶಾಲೆ ಮಕ್ಕಳಿಗೆ ಮೊಟ್ಟೆ ಕೊಡುತ್ತೇವೆ ಎಂದಾಗ ಕೆಲವು ಮಠಾಧೀಶರು ವಿರೋಧಿಸಿದರು. ಮಕ್ಕಳು ತಿನ್ನಲು ತಯಾರಿದ್ದರು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ಕೊಡಲು ಒಪ್ಪಿ, ವಾರಕ್ಕೆ ಎರಡು ದಿನ ಇದ್ದ ಮೊಟ್ಟೆ ಆರು ದಿನವಾಯಿತು. ಮೊಟ್ಟೆ ಬೇಡವೆಂದವರಿಗೆ ಬಾಳೆಹಣ್ಣೋ ಚಿಕ್ಕಿಯೋ ಇದೆ. ಸಿರಿವಂತಿಕೆ ಹೀಗೆ ಬಂದರೆ ನನಗೆ ಒಪ್ಪಿಗೆ: ಬೇರೆ ಅಡುಗೆಮನೆ ಕಟ್ಟದೆ, ಸರ್ಕಾರದ ಶಾಲೆಯ ತಟ್ಟೆಗೇ ಬಂದು ಬಿದ್ದದ್ದು. ಆದರೂ ಮೂರು ವರ್ಷ ಆದಮೇಲೆ ಆ ನಾಲ್ಕು ಮೊಟ್ಟೆ ಯಾರ ಜವಾಬ್ದಾರಿ ಎಂಬ ಪ್ರಶ್ನೆಯನ್ನು ಈಗಲೇ ಕೇಳಬೇಕು.

ನಮ್ಮವರು ವೈಯಕ್ತಿಕ ಜವಾಬ್ದಾರಿ ಎಂಬ ಮಾತನ್ನು ಬಹಳ ಹೇಳುತ್ತಾರೆ. ನಾವು ಕಷ್ಟಪಟ್ಟು ಓದಿ ಬಂದೆವು, ಅವರೂ ದುಡಿಯಲಿ. ಸರಿ, ಜವಾಬ್ದಾರಿಯ ಬಗ್ಗೆಯೇ ಮಾತಾಡೋಣ. ಥೇಮ್ಸ್ ನದಿಯ ದಂಡೆಯಲ್ಲಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ 2015ರಿಂದ ಬಸವಣ್ಣನ ಪ್ರತಿಮೆ ಇದೆ. ನೆಂಟರು ಬಂದಾಗ ಕರೆದುಕೊಂಡು ಹೋಗಿ ಫೋಟೊ ತೆಗೆಸುತ್ತೇವೆ. ಅವನ ಕಾಲದ ಶರಣರು ದುಡಿಯದವನನ್ನು ಹೊಗಳಿದವರಲ್ಲ. ಕಾಯಕ ಮೊದಲು. ಆದರೆ ಲೆಕ್ಕ ಕೇಳಿದ್ದು ಯಾರಿಗೆ? ಆಯ್ದಕ್ಕಿ ಮಾರಯ್ಯನ ಕಥೆ ನಮಗೆಲ್ಲ ಗೊತ್ತು. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವವನು. ಒಂದು ದಿನ ದಿನಕ್ಕಿಂತ ಜಾಸ್ತಿ ತಂದ. ಹೆಂಡತಿ ಲಕ್ಕಮ್ಮ ಬಾಗಿಲಲ್ಲೇ ಹಿಡಿದಳು. ಇಷ್ಟು ಯಾಕೆ? ಆಸೆ ಅರಸರಿಗಿರಲಿ, ನಮಗೆ ಬೇಡ, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಎಂದಳು. ಗಮನಿಸಿ, ಹಸಿದು ಬಂದ ಜಂಗಮನಿಗೆ ಅವಳು ಪ್ರಶ್ನೆ ಹಾಕಲಿಲ್ಲ. ಜಾಸ್ತಿ ತಂದ ಗಂಡನಿಗೆ ಹಾಕಿದಳು. ಫೋಟೊ ತೆಗೆಸಿಕೊಳ್ಳುವ ನಮಗೆ, ಅಂದರೆ ಊರಲ್ಲಿ ಎರಡು ಸೈಟು, ಇಲ್ಲಿ ಒಂದು ಮನೆ, ಬಾಡಿಗೆಗೆ ಇನ್ನೊಂದು ಮನೆ ಇರುವ ನಮಗೆ, ಲಕ್ಕಮ್ಮ ಎದುರಾದರೆ ಕಷ್ಟ.

ಕೂಲಿಗೆ ಆಳು ಸಿಗಲ್ಲ ಎಂಬ ದೂರಿಗೆ ಹಿಂತಿರುಗಿ ನೋಡಿ. ಅನ್ನಭಾಗ್ಯ ಶುರುವಾದ 2013ರ ಜುಲೈಗೆ ಮುಂಚೆ ಅದೇ ಆಳು, ಹೇಳಿದ ಕೂಲಿಗೆ, ಕರೆದ ಹೊತ್ತಿಗೆ ಯಾಕೆ ಬರುತ್ತಿದ್ದ? ಬೆಳಗ್ಗೆ ದುಡಿಯದಿದ್ದರೆ ರಾತ್ರಿ ಒಲೆ ಹತ್ತುತ್ತಿರಲಿಲ್ಲ. ಮನೆಯಲ್ಲಿ ಅಕ್ಕಿ ಇದ್ದರೆ ಅವನು, ಇವತ್ತು ಆಗಲ್ಲ, ಕೂಲಿ ಜಾಸ್ತಿ ಮಾಡಿ, ಎನ್ನಬಹುದು. ನಮ್ಮ ಅಪ್ಪಂದಿರ ತೋಟಕ್ಕೆ ಹಸಿವೇ ಮೇಸ್ತ್ರಿಯಾಗಿತ್ತು. ಆ ಮೇಸ್ತ್ರಿ ಕೆಲಸ ಬಿಟ್ಟು ಹೋದ ಎಂಬುದೇ ನಮ್ಮ ಗೋಳು. ಸಂಸ್ಕೃತಿ, ಸೋಮಾರಿತನ ಎಲ್ಲ ಆಮೇಲೆ ಹೊದಿಸಿದ ಶಾಲು.

ಅನ್ನಭಾಗ್ಯದಲ್ಲಿ ಕೊರತೆ ಇಲ್ಲವೆಂದಲ್ಲ. ಅಲ್ಲೂ ಕಾರ್ಡ್ ಬೇಕು, ಹೆಬ್ಬೆಟ್ಟು ಒತ್ತಬೇಕು. ಸವೆದ ಬೆರಳಿನ ಮುದುಕರನ್ನು ಯಂತ್ರ ಗುರುತಿಸುವುದಿಲ್ಲ. 2023ರಲ್ಲಿ ಹತ್ತು ಕೆಜಿ ಎಂದು ಹೇಳಿ, ಅಕ್ಕಿ ಸಿಗದೆ, ಐದು ಕೆಜಿಯ ಬದಲು ತಲೆಗೆ 170 ರೂಪಾಯಿ ಹಾಕಿದರು. ಬರೀ ಅಕ್ಕಿಯಿಂದ ಮಗು ಬೆಳೆಯುವುದೂ ಇಲ್ಲ. ಬೈಯುವುದಿದ್ದರೆ ಇದಕ್ಕೆ ಬೈಯೋಣ, ಸೊಸೈಟಿ ಮುಂದೆ ಸಾಲು ನಿಂತವಳಿಗಲ್ಲ.

ಲಂಡನ್ನಿಗೆ ಬಂದ ನಮ್ಮವರಿಗೂ ಸಾಲು ದೂರವಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಭಾರತ, ಬಾಂಗ್ಲಾದೇಶದಿಂದ ಓದಲು ಬಂದಿದ್ದ ಹುಡುಗರು ಅರೆಕಾಲಿಕ ಕೆಲಸ ಕಳೆದುಕೊಂಡು, ಪೂರ್ವ ಲಂಡನ್ನಿನ ನ್ಯೂಹ್ಯಾಮ್‌ನಲ್ಲಿ ಆಹಾರಕ್ಕೆ ಸಾಲು ನಿಂತರು. ಸ್ಟೂಡೆಂಟ್ ವೀಸಾದವರಿಗೆ ಸರ್ಕಾರದ ಭತ್ಯೆ ಇಲ್ಲ. ಮನೆಗೆ ಫೋನ್ ಮಾಡಿ ಹೇಳಲು ನಾಚಿಕೆ. ಅಪ್ಪ ಸಾಲ ಮಾಡಿ ಕಳಿಸಿದ್ದಾನೆ. ಇವರಲ್ಲಿ ಯಾರು ಸೋಮಾರಿ?

ಈಗ ನಮ್ಮ ಕನ್ನಡ ಸಂಘಗಳು ಏನು ಮಾಡಬಹುದು ಎಂದು ಕೇಳಿದರೆ, ಮೊದಲು ತೊಗರಿಬೇಳೆ ಕಳಿಸುವುದು ನಿಲ್ಲಿಸಿ. ಹಬ್ಬದ ನಂತರ ಉಳಿದ ಬೇಳೆ, ಅಕ್ಕಿ ಮೂಟೆ ಫುಡ್ ಬ್ಯಾಂಕಿಗೆ ತಂದು ಸುರಿಯುತ್ತೇವೆ. ಅಲ್ಲಿಗೆ ಬರುವ ಎಷ್ಟೋ ಜನರ ಹತ್ತಿರ ಒಲೆ ಇಲ್ಲ, ಕೆಟಲ್ ಮಾತ್ರ ಇದೆ. ಅಂಥವರಿಗೇ ಎಂದು ಬಿಸಿನೀರು ಹಾಕಿದರೆ ಆಗುವ ಸಾಮಾನಿನ ಪೊಟ್ಟಣ ಮಾಡುತ್ತಾರೆ. 2022ರಲ್ಲಿ ಗ್ಯಾಸು ಕರೆಂಟಿನ ಬೆಲೆ ಏರಿದಾಗ, ಬೇಯಿಸಲು ದುಡ್ಡಿಲ್ಲ, ಆಲೂಗಡ್ಡೆ ಬೇಡ ಎಂದವರಿದ್ದರು. ಅವರು ತೊಗರಿಬೇಳೆ ಬೇಯಿಸುವುದು ಹೇಗೆ? ಪ್ರತಿ ಫುಡ್ ಬ್ಯಾಂಕೂ ಏನು ಬೇಕು ಎಂದು ಪಟ್ಟಿ ಹಾಕಿರುತ್ತದೆ. ಅದನ್ನು ನೋಡಿ. ಅಥವಾ ದುಡ್ಡು ಕೊಟ್ಟುಬಿಡಿ, ಹೆಸರು ಹಾಕಿಸಿಕೊಳ್ಳದೆ.

ಎರಡನೆಯದು ಓಟು. ಭಾರತದ ಪಾಸ್‌ಪೋರ್ಟ್ ಇದ್ದರೂ, ಕಾಮನ್‌ವೆಲ್ತ್ ದೇಶದವರಾಗಿ ವೀಸಾ ಮೇಲೆ ಇಲ್ಲಿ ನೆಲೆಸಿರುವವರು ಬ್ರಿಟನ್ನಿನ ಚುನಾವಣೆಯಲ್ಲಿ ಓಟು ಹಾಕಬಹುದು. ಹೊಸದಾಗಿ ಬಂದವರಲ್ಲಿ ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ, ಗೊತ್ತಿದ್ದವರೂ ಹೆಸರು ನೋಂದಾಯಿಸುವುದಿಲ್ಲ. 2017ರಲ್ಲಿ ಇಲ್ಲಿಯ ಸರ್ಕಾರ ಬಡ ಮನೆಯ ಮೂರನೇ ಮಗುವಿಗೆ ಭತ್ಯೆ ಇಲ್ಲ ಎಂದು ನಿಯಮ ತಂದಿತು. ಹುಟ್ಟಿದ ಮಗುವಿಗೂ ವೈಯಕ್ತಿಕ ಜವಾಬ್ದಾರಿಯ ಪಾಠ. ಅದನ್ನು ತೆಗೆಯುತ್ತೇವೆ ಎಂದು ಸರ್ಕಾರ ಹೇಳಿದ್ದು 2025ರ ನವೆಂಬರ್ ಬಜೆಟ್‌ನಲ್ಲಿ. ನಡುವೆ ಮೂರು ಸಾರ್ವತ್ರಿಕ ಚುನಾವಣೆ ಆಗಿಹೋದವು. ನಮ್ಮ ಸಂಘದ ವಾಟ್ಸಾಪ್ ಗುಂಪಿನಲ್ಲಿ ಆ ಮೂರು ಸಲವೂ ಚರ್ಚೆ ನಡೆದದ್ದು ಕರ್ನಾಟಕದ ಬಿಟ್ಟಿ ಭಾಗ್ಯಗಳ ಬಗ್ಗೆ. ಹೆಸರು ನೋಂದಾಯಿಸಲು ಕಂಪ್ಯೂಟರ್ ಮುಂದೆ ಐದು ನಿಮಿಷ ಸಾಕು.